ದೊರೆಯೋ, ನೀರಗಂಟಿಯೋ: ಸಭೆಯ ಜಮೀನು, ಬತ್ತಿದ ಬಾವಿ ಮತ್ತು ದೇವರ ಮಾತು

ಪ್ರಶ್ನೆ: ನಮ್ಮದು ಕೋಲಾರ ತಾಲ್ಲೂಕಿನ ಹಳ್ಳಿಯೊಂದರ ಸಣ್ಣ ಕ್ರೈಸ್ತ ಸಭೆ, ನಲವತ್ತು ಕುಟುಂಬಗಳಿವೆ. ಚರ್ಚಿನ ಹಿಂದೆ ಸಭೆಗೆ ಸೇರಿದ ಮೂರು ಎಕರೆ ಜಮೀನೂ ಕಲ್ಲು ಕಟ್ಟಿದ ಹಳೆಯ ಬಾವಿಯೂ ಇವೆ. ಬಾವಿ ಬತ್ತಿ ಇಪ್ಪತ್ತು ವರ್ಷವಾಯಿತು. ಕೊರೆಸಿದ ಎರಡು ಬೋರ್‌ವೆಲ್‌ಗಳಲ್ಲಿ ಒಂದು ಮೂರು ವರ್ಷ ನೀರು ಕೊಟ್ಟು ನಿಂತಿತು, ಇನ್ನೊಂದರಲ್ಲಿ ಬರೀ ಕಲ್ಲಿನ ಪುಡಿ ಬಂತು. ಈಗ 1,600 ಅಡಿಯ ಮೂರನೆಯ ಬೋರು ಕೊರೆಸಿ ಜಮೀನನ್ನು ಟೊಮ್ಯಾಟೊ ಬೆಳೆಯುವವರಿಗೆ ಗುತ್ತಿಗೆ ಕೊಡೋಣ, ನೀರು ಬೀಳದಿದ್ದರೆ ನೀಲಗಿರಿ ಹಾಕೋಣ ಎಂದು ಸಮಿತಿಯಲ್ಲಿ ಮಾತು ನಡೆದಿದೆ. ಅದರ ಬದಲು ಬಾವಿಗೆ ಮಳೆನೀರು ಇಳಿಸೋಣ, ಊರಿನ ಕೆರೆಯ ಕೆಲಸಕ್ಕೆ ನಾವೂ ಕೈಜೋಡಿಸೋಣ ಎಂದು ನಾನು ಹೇಳಿದೆ. ಹಿರಿಯರೊಬ್ಬರು, ‘ಭೂಮಿಯನ್ನು ವಶಮಾಡಿಕೊಳ್ಳಿ, ದೊರೆತನ ಮಾಡಿ ಎಂದು ದೇವರೇ ಹೇಳಿದ್ದಾನೆ. ಹೇಗೂ ಕಡೆಯ ದಿನದಲ್ಲಿ ಇದೆಲ್ಲ ಬೆಂಕಿಗೆ ಆಹುತಿಯಾಗುವಂಥದ್ದು. ಗಂಗೆಪೂಜೆ ನಡೆಯುವ ಕೆರೆಯಲ್ಲಿ ವಿಶ್ವಾಸಿಗಳಿಗೇನು ಕೆಲಸ?’ ಎಂದರು. ಮತ್ತೊಬ್ಬರು, ಹಿರಿಯರೆದುರು ವಾದಿಸುವುದು ನಮ್ರತೆಯಲ್ಲ ಎಂದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾನು ಹೇಳಿದ್ದು ದೇವರ ವಾಕ್ಯಕ್ಕೆ ವಿರುದ್ಧವೇ? ಮಳೆ ಕೊಡುವವನು ದೇವರಾಗಿರುವಾಗ ನಾವು ಇಷ್ಟೆಲ್ಲ ಲೆಕ್ಕ ಹಾಕುವುದು ಅಹಂಕಾರವೇ? — ಸಮಿತಿಯ ಸದಸ್ಯೆ, ನಿವೃತ್ತ ಶಿಕ್ಷಕಿ

ಉತ್ತರ: ಸಹೋದರಿಯವರೇ, ನಿಮ್ಮ ಪತ್ರ ಮೇಲ್ನೋಟಕ್ಕೆ ಮೂರು ಎಕರೆ ಜಮೀನಿನ ವಿಚಾರದಂತೆ ಕಂಡರೂ ನಿಮ್ಮ ನಿದ್ದೆ ಕೆಡಿಸಿದ್ದು ಜಮೀನಲ್ಲ, ದೇವರ ಮಾತನ್ನು ಮೀರಿದೆನೇ ಎಂಬ ಅಳುಕು, ಹಿರಿಯರ ಮನಸ್ಸು ನೋಯಿಸಿದೆನೇ ಎಂಬ ಸಂಕಟ. ನಾನು ಕೋಲಾರ, ಚಿಕ್ಕಬಳ್ಳಾಪುರ ಭಾಗಗಳಲ್ಲಿ ಹಲವು ವರ್ಷ ಅಂತರ್ಜಲದ ಕೆಲಸ ಮಾಡಿ, ಆಮೇಲೆ ದೇವಶಾಸ್ತ್ರ ಓದಿ ಸಭಾಪಾಲಕನಾದವನು. ಆದ್ದರಿಂದ ನಿಮ್ಮ ಹಿರಿಯರು ಎತ್ತಿದ ವಚನಗಳನ್ನೂ ಅವರು ಕೊರೆಸಬೇಕೆಂದಿರುವ ಬೋರನ್ನೂ ಒಟ್ಟಿಗೇ ನೋಡಬಲ್ಲೆನೆಂಬ ಭರವಸೆಯಿಂದ ಬರೆಯುತ್ತಿದ್ದೇನೆ.

ಮೊದಲು ಆ ವಚನವನ್ನೇ ತೆಗೆದುಕೊಳ್ಳೋಣ. ಆದಿಕಾಂಡ 1:28ರಲ್ಲಿ ಭೂಮಿಯನ್ನು ವಶಮಾಡಿಕೊಳ್ಳುವ ಮಾತೂ ಜೀವಿಗಳ ಮೇಲೆ ದೊರೆತನ ಮಾಡುವ ಮಾತೂ ಇರುವುದು ನಿಜ; ಅದನ್ನು ನಾವು ಮೃದುಮಾಡಿ ಓದಬೇಕಾಗಿಲ್ಲ. ಮೂಲ ಹೀಬ್ರೂವಿನಲ್ಲಿ ‘ವಶಮಾಡಿಕೊಳ್ಳುವುದು’ ಎಂಬುದಕ್ಕಿರುವ ‘ಕಾಬಷ್’ ಬಿರುಸಾದ ಪದವೇ, ‘ದೊರೆತನ’ಕ್ಕಿರುವ ‘ರಾದಾ’ ಎಂಬುದೂ ಅರಸರ ಆಳ್ವಿಕೆಯ ಪದವೇ. ಆದರೆ ಅದೇ ‘ರಾದಾ’ ಪದ ಬೈಬಲಿನಲ್ಲಿ ಬೇರೆಲ್ಲಿ ಬರುತ್ತದೆ ಎಂದು ಹುಡುಕಿದರೆ ಚಿತ್ರ ಬದಲಾಗುತ್ತದೆ. ಯಾಜಕಕಾಂಡ 25:43 ಬಡತನಕ್ಕೆ ಸಿಕ್ಕಿ ಆಳಾದ ಸಹೋದರನ ಮೇಲೆ ಕ್ರೂರವಾಗಿ ದೊರೆತನ ಮಾಡಕೂಡದು ಎಂದು ಅದೇ ಪದದಿಂದ ಆಜ್ಞಾಪಿಸುತ್ತದೆ. ಯೆಹೆಜ್ಕೇಲನ 34ನೆಯ ಅಧ್ಯಾಯದಲ್ಲಿ ಮಂದೆಯನ್ನು ಹಿಂಸೆಯಿಂದ ಆಳಿದ ಕುರುಬರನ್ನು ದೇವರು ಅದೇ ಪದದಿಂದ ಖಂಡಿಸುತ್ತಾನೆ. 72ನೆಯ ಕೀರ್ತನೆಯಲ್ಲಿ ಸಮುದ್ರದಿಂದ ಸಮುದ್ರದ ತನಕ ದೊರೆತನ ಮಾಡುವ ಅರಸನನ್ನು ಕೊಯ್ದ ಹುಲ್ಲಿನ ಮೇಲೆ ಸುರಿಯುವ ಮಳೆಗೆ ಹೋಲಿಸಿ, ಗತಿಯಿಲ್ಲದವರನ್ನು ರಕ್ಷಿಸುವವನು ಎಂದು ಹಾಡಲಾಗಿದೆ. ದೊರೆತನ ಇದೆ, ಅದು ಎಂಥದ್ದಾಗಿರಬೇಕು ಎಂಬ ತೀರ್ಪೂ ಅದೇ ಗ್ರಂಥದಲ್ಲಿದೆ.

ಇನ್ನು ಆದಿಕಾಂಡದ ಎರಡನೆಯ ಅಧ್ಯಾಯ. ದೇವರು ಮನುಷ್ಯನನ್ನು ಏದೆನ್ ತೋಟದಲ್ಲಿ ವ್ಯವಸಾಯ ಮಾಡುವುದಕ್ಕೂ ಕಾಯುವುದಕ್ಕೂ ಇಟ್ಟನು ಎಂದು 2:15 ಹೇಳುತ್ತದೆ. ಅಲ್ಲಿ ‘ವ್ಯವಸಾಯ’ ಎಂದಿರುವ ‘ಆಬದ್’ ಎಂಬ ಪದಕ್ಕೆ ಸೇವೆ ಮಾಡುವುದೆಂಬ ಅರ್ಥವೂ ಇದೆ. ದೇವರ ಸೇವೆಗೂ ಅದೇ ಪದ. ‘ಕಾಯುವುದು’ ಎಂದಿರುವ ‘ಶಾಮರ್’ ಎಂಬುದು ಪ್ರತಿ ಭಾನುವಾರ ಆರಾಧನೆಯ ಕೊನೆಯಲ್ಲಿ ನಾವು ಕೇಳುವ ಆಶೀರ್ವಾದದ ಪದ: ಯೆಹೋವನು ನಿನ್ನನ್ನು ಆಶೀರ್ವದಿಸಿ ಕಾಪಾಡಲಿ. ದೇವರು ನಮ್ಮನ್ನು ಹೇಗೆ ಕಾಪಾಡಬೇಕೆಂದು ತಲೆಬಾಗಿ ಬೇಡುತ್ತೇವೋ ಹಾಗೆ ಈ ಮಣ್ಣನ್ನು ಕಾಪಾಡುವ ಕೆಲಸ ನಮ್ಮ ಪಾಲಿಗೆ ಬಂದಿದೆ. ಮಣ್ಣು ಎಂದೆ; ಹೀಬ್ರೂವಿನಲ್ಲಿ ನೆಲಕ್ಕೆ ‘ಅದಾಮಾ’ ಎನ್ನುತ್ತಾರೆ, ಅದರಿಂದ ರೂಪಿಸಲ್ಪಟ್ಟವನು ‘ಆದಾಮ’. ಮನುಷ್ಯನ ಹೆಸರಿನಲ್ಲೇ ಅವನ ಮೂಲವನ್ನು ನೆನಪಿಸುವ ಈ ಜೋಡಿ ಮಾತು ನನಗೆ ನಮ್ರತೆಯ ಬಗ್ಗೆ ಅನೇಕ ಪ್ರಸಂಗಗಳಿಗಿಂತ ಹೆಚ್ಚು ಕಲಿಸಿದೆ.

ಹೊಸ ಒಡಂಬಡಿಕೆಯಲ್ಲಿ ಇದಕ್ಕೆ ಒಪ್ಪುವ ಒಂದು ಸೊಗಸಾದ ಕನ್ನಡ ಪದವಿದೆ: ಮನೆವಾರ್ತೆಯವನು. ಯಜಮಾನನ ಮನೆಯ ಸಮಸ್ತವನ್ನೂ ನೋಡಿಕೊಳ್ಳುವ, ಆದರೆ ಯಾವುದರ ಒಡೆಯನೂ ಅಲ್ಲದ, ಒಂದು ದಿನ ಲೆಕ್ಕ ಒಪ್ಪಿಸಬೇಕಾದ ಮನುಷ್ಯ. ನಗರದ ಮಕ್ಕಳಿಗೆ ಈ ಪದ ವಿವರಿಸುವುದು ಕಷ್ಟ. ಕೋಲಾರದ ಹಳ್ಳಿಯವರಿಗೆ ಕಷ್ಟವಿಲ್ಲ, ಏಕೆಂದರೆ ನಮ್ಮ ಊರುಗಳಲ್ಲಿ ನೀರಗಂಟಿ ಇದ್ದ. ಕೆರೆಯ ತೂಬು ಎತ್ತುವ, ಇಳಿಸುವ ಅಧಿಕಾರ ಅವನದು. ಯಾವ ಗದ್ದೆಗೆ ಯಾವ ಹೊತ್ತಿನಲ್ಲಿ ಎಷ್ಟು ನೀರು ಎಂದು ಅವನೇ ನೋಡಿ ಹಾಯಿಸುತ್ತಿದ್ದ. ಊರಿನ ದೊಡ್ಡ ಜಮೀನುದಾರನೂ ತಾನಾಗಿ ತೂಬಿಗೆ ಕೈಹಾಕುವಂತಿರಲಿಲ್ಲ. ಅಷ್ಟು ಅಧಿಕಾರವಿದ್ದರೂ ಕೆರೆ ಅವನದಲ್ಲ, ನೀರು ಅವನದಲ್ಲ. ಸುಗ್ಗಿಯಲ್ಲಿ ಕಣಕ್ಕೆ ಬಂದು ಮನೆಗಿಷ್ಟು ಎಂದು ಕಾಳು ಪಡೆಯುತ್ತಿದ್ದ. ಕೊನೆಯ ಗದ್ದೆಗೆ ನೀರು ಮುಟ್ಟದಿದ್ದರೆ ಊರು ಲೆಕ್ಕ ಕೇಳುತ್ತಿದ್ದುದು ಅವನನ್ನೇ. ಆದಿಕಾಂಡದ ದೊರೆತನವನ್ನು ನಾನು ಅರ್ಥಮಾಡಿಕೊಳ್ಳುವುದು ಹೀಗೆ: ನಮಗೆ ಕೊಟ್ಟಿರುವುದು ತೂಬಿನ ಅಧಿಕಾರ. ಕೆರೆಯ ಒಡೆತನವನ್ನು ದೇವರು ಯಾರಿಗೂ ಬರೆದುಕೊಟ್ಟಿಲ್ಲ. ‘ಭೂಮಿ ನನ್ನದು, ನೀವು ನನ್ನ ಬಳಿಯಲ್ಲಿ ಪ್ರವಾಸಿಗಳು’ ಎಂಬರ್ಥದ ಮಾತು ಯಾಜಕಕಾಂಡ 25:23ರಲ್ಲಿ ಸ್ಪಷ್ಟವಾಗಿಯೇ ಇದೆ.

ಪರಿಸರ ಹಾಳಾದುದಕ್ಕೆ ಕ್ರೈಸ್ತ ಬೋಧನೆಯೇ ಕಾರಣ ಎಂಬ ಆರೋಪವನ್ನೂ ನೀವು ಎಲ್ಲಾದರೂ ಕೇಳಿರಬಹುದು. 1967ರಲ್ಲಿ ಲಿನ್ ವೈಟ್ ಎಂಬ ಇತಿಹಾಸಕಾರರು ಹಾಗೆ ಬರೆದಾಗ ಅನೇಕ ವಿಶ್ವಾಸಿಗಳಿಗೆ ಸಿಟ್ಟು ಬಂತು. ಅವರು ಹೇಳಿದ್ದರಲ್ಲಿ ನಾನು ಒಪ್ಪದ ಭಾಗವಿದೆ. ಆದರೆ ಆದಿಕಾಂಡದ ಒಂದೇ ವಚನವನ್ನು ಹಿಡಿದು ಕೊಳ್ಳೆಗೆ ಸಮರ್ಥನೆ ಹುಡುಕಿದವರು ನಮ್ಮಲ್ಲೂ ಇದ್ದರು ಎಂಬುದನ್ನು ಒಪ್ಪಿಕೊಳ್ಳುವುದೇ ಪ್ರಾಮಾಣಿಕತೆ. ಅದೇ ಲೇಖಕರು ಅಸ್ಸಿಸಿಯ ಫ್ರಾನ್ಸಿಸರನ್ನು ಪರಿಸರಪ್ರೇಮಿಗಳ ಪಾಲಕ ಸಂತರೆಂದು ಸೂಚಿಸಿದ್ದರು. 1979ರಲ್ಲಿ ಎರಡನೆಯ ಜಾನ್ ಪೌಲ್ ಪೋಪರು ಅದನ್ನೇ ಅಧಿಕೃತವಾಗಿ ಘೋಷಿಸಿದರು. ಅಂದರೆ ನಿಮ್ಮ ಮಾತು ಎಲ್ಲಿಂದಲೋ ಬಂದ ಹೊಸ ಬೋಧನೆಯಲ್ಲ.

‘ಹೇಗೂ ಸುಟ್ಟುಹೋಗುತ್ತದೆ’ ಎಂಬ ಮಾತು ಇದಕ್ಕಿಂತ ಗಂಭೀರವಾದುದು, ಏಕೆಂದರೆ ಅದನ್ನು ಆಡುವವರಲ್ಲಿ ಹೆಚ್ಚಿನವರು ಭಕ್ತಿಯಿಂದಲೇ ಆಡುತ್ತಾರೆ. ಪೇತ್ರನ ಎರಡನೆಯ ಪತ್ರದ 3:10 ಅದರ ಆಧಾರ. ಅಲ್ಲಿ ಭೂಮಿಯೂ ಅದರಲ್ಲಿರುವ ಕೆಲಸಗಳೂ ‘ಸುಟ್ಟುಹೋಗುವವು’ ಎಂಬ ಓದು ನಂತರದ ಹಸ್ತಪ್ರತಿಗಳದು. ಹೆಚ್ಚು ಹಳೆಯ ಗ್ರೀಕ್ ಹಸ್ತಪ್ರತಿಗಳಲ್ಲಿ ‘ಬಯಲಾಗುವವು’, ‘ಕಂಡುಬರುವವು’ ಎಂಬರ್ಥದ ಪದವಿದೆ. ಬೆಂಕಿಯ ಮಾತು ಆ ಅಧ್ಯಾಯದಲ್ಲಿ ಇಲ್ಲವೆಂದಲ್ಲ, ಇದೆ. ಆದರೆ ಅದೇ ಅಧ್ಯಾಯದ 6ನೆಯ ವಚನ ನೋಹನ ಕಾಲದ ಲೋಕವು ನೀರಿನಲ್ಲಿ ನಾಶವಾಯಿತು ಎನ್ನುತ್ತದೆ. ಹಾಗೆ ನಾಶವಾದ ಲೋಕದ ನೆಲದ ಮೇಲೆಯೇ ನಾವು ಇಂದು ನಿಂತಿದ್ದೇವೆ. ಪ್ರಳಯದ ನಂತರ ದೇವರು ಮಾಡಿದ ಒಡಂಬಡಿಕೆ ನೋಹನೊಂದಿಗೆ ಮಾತ್ರವಲ್ಲ, ನಾವೆಯಿಂದ ಹೊರಬಂದ ಸಕಲ ಜೀವಿಗಳೊಂದಿಗೂ ಎಂದು ಆದಿಕಾಂಡ 9 ಒತ್ತಿ ಹೇಳುತ್ತದೆ. ರೋಮಾಪುರದವರಿಗೆ ಬರೆದ ಪತ್ರದ ಎಂಟನೆಯ ಅಧ್ಯಾಯದಲ್ಲಿ ನರಳುತ್ತಿರುವ ಸೃಷ್ಟಿ ಎದುರುನೋಡುತ್ತಿರುವುದು ಬಿಡುಗಡೆಯನ್ನು. ಪ್ರಕಟನೆ 11:18ರಲ್ಲಿ ಭೂಮಿಯನ್ನು ನಾಶಮಾಡುವವರಿಗೇ ನಾಶದ ತೀರ್ಪು ಹೇಳಲಾಗಿದೆ. ಮಾಡಿದ ಕೆಲಸಗಳು ಬಯಲಾಗುವ ದಿನವೊಂದಿದೆ ಎಂದು ನಂಬುವವನು ಮೂರನೆಯ ಬೋರಿನ ವಿಷಯದಲ್ಲಿ ಹೆಚ್ಚು ಎಚ್ಚರವಾಗಿರಬೇಕು.

ಈಗ ನೆಲದ ಕೆಳಗಿನ ಮಾತು. ನಮ್ಮ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಮಳೆ ವರ್ಷಕ್ಕೆ ಸುಮಾರು 700 ಮಿಲಿಮೀಟರಿನ ಆಸುಪಾಸು. ನೆಲದಡಿ ಇರುವುದು ಗ್ರಾನೈಟ್, ನೈಸ್ ಎಂಬ ಗಟ್ಟಿ ಕಲ್ಲು. ಆ ಕಲ್ಲಿನ ಮೇಲ್ಭಾಗ ಲಕ್ಷಾಂತರ ವರ್ಷಗಳಲ್ಲಿ ಶಿಥಿಲವಾಗಿ ಪುಡಿಪುಡಿಯಾದ ಪದರವಾಗಿದೆ; ಹಳೆಯ ಬಾವಿಗಳು ಇಳಿದಿದ್ದು ಆ ಪದರಕ್ಕೆ. ನೀರನ್ನು ಬಟ್ಟೆಯಂತೆ ಹೀರಿಟ್ಟುಕೊಳ್ಳುವ ಶಕ್ತಿ ಇರುವುದು ಅದಕ್ಕೆ ಮಾತ್ರ. ಅದರ ಕೆಳಗೆ ಇರುವುದು ಅಖಂಡ ಬಂಡೆ, ನಡುನಡುವೆ ಸಣ್ಣ ಬಿರುಕುಗಳು. 1,200, 1,600 ಅಡಿಯಲ್ಲಿ ಸಿಗುವ ‘ಎರಡಿಂಚು ನೀರು’ ಆ ಬಿರುಕುಗಳಲ್ಲಿ ಬಹುಕಾಲದಿಂದ ತುಂಬಿಕೊಂಡ ನೀರು. ಬೇಗ ಖಾಲಿಯಾಗುತ್ತದೆ, ತುಂಬಲು ತಲೆಮಾರುಗಳೇ ಬೇಕಾಗಬಹುದು. ಕೋಲಾರದ ಅಂತರಗಂಗೆ ಬೆಟ್ಟದಲ್ಲಿ ಕಲ್ಲಿನ ಬಸವನ ಬಾಯಿಂದ ಬೇಸಿಗೆಯಲ್ಲೂ ನೀರು ಬರುವುದನ್ನು ನೋಡಿ ಬೆಳೆದ ನಮ್ಮ ಜನರಿಗೆ ಕೆಳಗೆಲ್ಲೋ ನದಿ ಹರಿಯುತ್ತಿದೆ ಎಂಬ ನಂಬಿಕೆ ಸಹಜ. ಅದು ನಿಜವಲ್ಲ, ಆ ಬೆಟ್ಟ ಮಳೆಗಾಲದಲ್ಲಿ ಕುಡಿದ ನೀರನ್ನೇ ನಿಧಾನವಾಗಿ ಬಿಡುತ್ತಿದೆ. ಅಂಗೈಯ ಮೇಲೆ ತೆಂಗಿನಕಾಯಿ ಎದ್ದು ನಿಂತಿತು ಎಂದು ಬೋರು ಕೊರೆಯುವ ಪಾಯಿಂಟ್ ತೋರಿಸುವವರ ಮಾತನ್ನೂ ಸಭೆಯ ದುಡ್ಡಿನ ವಿಷಯದಲ್ಲಿ ನಂಬಬೇಡಿ.

ಪಾಯಿಂಟ್ ತೋರಿಸುವವರನ್ನು ದೂರುವ ಮೊದಲು ನನ್ನದೊಂದು ತಪ್ಪನ್ನು ಹೇಳಿಕೊಳ್ಳಬೇಕು. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಯಂತ್ರದಿಂದ ಅಳೆದು, ಒಬ್ಬ ರೈತರಿಗೆ ಒಂದು ಜಾಗ ಗುರುತಿಸಿಕೊಟ್ಟೆ. ರಾತ್ರಿ ಹತ್ತಕ್ಕೆ ಶುರುವಾದ ರಿಗ್ ಲಾರಿ ಬೆಳಗಿನ ಜಾವದವರೆಗೂ ಕೊರೆಯಿತು. ಸುತ್ತಲಿನ ಹಿಪ್ಪುನೇರಳೆ ಎಲೆಗಳ ಮೇಲೆಲ್ಲ ಬೂದು ಬಣ್ಣದ ಪುಡಿ ಕೂತಿತ್ತು. ಪುಡಿ ಒದ್ದೆಯಾಗಿ, ಕೆಸರಾಗಿ, ಕೊನೆಗೆ ನೀರು ಚಿಮ್ಮಿದಾಗ ಆ ಮನೆಯವರು ಅತ್ತರು, ನನಗೆ ಹೂವಿನ ಹಾರ ಹಾಕಿದರು. ಎರಡು ಬೇಸಿಗೆ ಕಳೆದ ಮೇಲೆ ಅದೇ ದಾರಿಯಲ್ಲಿ ಹೋಗುವಾಗ ಪಕ್ಕದ ಹೊಲದ ವಿಧವೆಯೊಬ್ಬರು ನನ್ನನ್ನು ನಿಲ್ಲಿಸಿ ತಮ್ಮ ಬಾವಿಯ ಬಳಿ ಕರೆದೊಯ್ದರು. ಅವರ ಮಾವನ ಕಾಲದ ಬಾವಿ. ಬಾಯಿಯ ಚಪ್ಪಡಿಯಲ್ಲಿ ಹಗ್ಗ ಉಜ್ಜಿ ಉಜ್ಜಿ ಬೆರಳು ಹೂಳುವಷ್ಟು ಆಳದ ಗೀರುಗಳು ಬಿದ್ದಿದ್ದವು. ತಳದಲ್ಲಿ ಒಣಗಿ ಸೀಳಿದ ಕೆಸರು. ‘ನಿಮ್ಮ ಬೋರು ಬಿದ್ದ ಮಾರನೆಯ ವರ್ಷ ಇದು ನಿಂತಿತು ಸ್ವಾಮಿ’ ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ತಡೆಯಲಾಗಲಿಲ್ಲ. ಮೇಲಿನ ಪದರದ ನೀರು ಬಿರುಕುಗಳ ಮೂಲಕ ಆಳದ ಬೋರಿಗೆ ಇಳಿದುಹೋಗುತ್ತದೆ ಎಂದು ನಾನು ಪುಸ್ತಕದಲ್ಲಿ ಓದಿದ್ದೆ. ಅದು ಒಬ್ಬರ ಮನೆಯ ಬಾವಿ ಎಂದು ಯೋಚಿಸಿರಲಿಲ್ಲ. ‘ತಿಳಿನೀರನ್ನು ಕುಡಿದು ಮಿಕ್ಕದ್ದನ್ನು ಕಾಲಿನಿಂದ ಕಲಕಿಬಿಡುವುದು ನಿಮಗೆ ಅಲ್ಪವೋ?’ ಎಂಬ ಅರ್ಥದ ಮಾತು ಯೆಹೆಜ್ಕೇಲ 34:18ರಲ್ಲಿದೆ. ಆ ವಚನವನ್ನು ಅಂದಿನಿಂದ ನಾನು ಬೇರೆಯವರಿಗೆ ಮಾತ್ರ ಓದಿ ಹೇಳಲಾರೆ.

ಮೂರನೆಯ ಬೋರಿನ ವಿಚಾರಕ್ಕೆ ಬಂದರೆ, ಕಾನೂನಿನ ಪ್ರಕಾರ ಅದು ಸಮಿತಿಯ ನಿರ್ಣಯದಿಂದ ಮುಗಿಯುವುದಿಲ್ಲ. ಅಂತರ್ಜಲವನ್ನು ನಿಯಂತ್ರಿಸುವ ಕರ್ನಾಟಕದ 2011ರ ಕಾಯ್ದೆಯಡಿ ಕೋಲಾರದಂಥ ಅಧಿಸೂಚಿತ ತಾಲ್ಲೂಕುಗಳಲ್ಲಿ ಕೊರೆಸುವ ಮೊದಲೇ ಅನುಮತಿ ಪಡೆಯಬೇಕು. ನೀರು ಬೀಳದಿದ್ದರೆ ಸಭೆಗೆ ಲಕ್ಷಗಟ್ಟಲೆ ಸಾಲ. ಬಿದ್ದರೆ ಇನ್ನೊಂದು ಅಪಾಯ: ಆಳದ ಕಲ್ಲಿನ ಸಂಪರ್ಕದಲ್ಲಿ ಬಹುಕಾಲ ನಿಂತ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವುದು ನಮ್ಮ ಜಿಲ್ಲೆಯಲ್ಲಿ ಸಾಮಾನ್ಯ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಎಂಬುದು ಕುಡಿಯುವ ನೀರಿನ ಭಾರತೀಯ ಮಾನದಂಡ. ಮೀರಿದರೆ ಮಕ್ಕಳ ಹಲ್ಲು ಕಂದುಗಟ್ಟುತ್ತದೆ, ವರ್ಷಗಟ್ಟಲೆ ಕುಡಿದರೆ ಮೂಳೆ ಕೀಲುಗಳು ಬಿಗಿಯುತ್ತವೆ. ಕುದಿಸಿದರೆ ಫ್ಲೋರೈಡ್ ಹೋಗುತ್ತದೆ ಎಂದು ಅನೇಕರು ನಂಬಿದ್ದಾರೆ. ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದುದರಲ್ಲಿ ಅದರ ಪ್ರಮಾಣ ಏರುತ್ತದೆ. ಆದರೂ ಬೋರನ್ನೇ ಪಾಪವೆಂದು ನಾನು ಹೇಳುತ್ತಿಲ್ಲ. ಊರಿಗೆ ಕುಡಿಯುವ ನೀರೇ ಇಲ್ಲದಿದ್ದರೆ ನನ್ನ ಉತ್ತರ ಬೇರೆ ಇರುತ್ತಿತ್ತು. ಗುತ್ತಿಗೆಯ ಟೊಮ್ಯಾಟೊಗಾಗಿ, ಸುತ್ತಲಿನವರ ಬಾವಿಗಳನ್ನು ಅಪಾಯಕ್ಕೆ ಒಡ್ಡಿ, ಸಭೆಯ ಹೆಸರಿನಲ್ಲಿ ಬೇಡ ಎಂಬುದು ನನ್ನ ಅಭಿಪ್ರಾಯ.

ನೀಲಗಿರಿಯ ಬಗ್ಗೆ ಸ್ವಲ್ಪದರಲ್ಲಿ ಹೇಳುತ್ತೇನೆ. ಹೊಸದಾಗಿ ನೀಲಗಿರಿ ನೆಡುವುದನ್ನು ರಾಜ್ಯ ಸರ್ಕಾರ 2017ರಲ್ಲೇ ನಿಷೇಧಿಸಿದೆ. ಅಲ್ಲಿಗೆ ಆ ಚರ್ಚೆ ಮುಗಿಯಿತು. ಬರಗಾಲಕ್ಕೆ ನೀಲಗಿರಿಯೊಂದೇ ಕಾರಣ ಎಂಬುದು ಮಾತ್ರ ಉತ್ಪ್ರೇಕ್ಷೆ. ಅದು ಮಣ್ಣಿನ ತೇವವನ್ನು ಆಳದಿಂದ ಎಳೆದು, ಕೆಳಗೆ ಇಂಗಬೇಕಾದ ನೀರನ್ನು ಕಡಿಮೆ ಮಾಡುತ್ತದೆ, ನಿಜ. ಆದರೆ ಅದಕ್ಕಿಂತ ದೊಡ್ಡ ಕಾರಣ ನಾವು ಪಂಪಿನಿಂದ ಎತ್ತಿದ ನೀರು, ಹೂಳು ತುಂಬಿದ ಕೆರೆ, ಒತ್ತುವರಿಯಾದ ರಾಜಕಾಲುವೆ. ಮರದ ಮೇಲೆ ಎಲ್ಲ ತಪ್ಪು ಹೊರಿಸಿದರೆ ಕೈತೊಳೆದುಕೊಂಡಂತಾಗುತ್ತದೆ.

ನಿಮ್ಮ ಬಾವಿಗೆ ಬರುತ್ತೇನೆ, ಏಕೆಂದರೆ ನನಗೆ ಆಸೆ ಹುಟ್ಟಿಸಿದ್ದು ಅದೇ. ಒಂದು ಚದರ ಮೀಟರ್ ಚಾವಣಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಚರ್ಚಿನ ಚಾವಣಿ 200 ಚದರ ಮೀಟರ್ ಎಂದಿಟ್ಟುಕೊಂಡು, 700 ಮಿಲಿಮೀಟರ್ ಮಳೆಯಲ್ಲಿ ಐದರಲ್ಲಿ ಒಂದು ಪಾಲು ನಷ್ಟ ಕಳೆದರೂ, ವರ್ಷಕ್ಕೆ 1,12,000 ಲೀಟರ್ ಆಗುತ್ತದೆ. 5,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಇಪ್ಪತ್ತೆರಡು ಟ್ಯಾಂಕರ್. ಈಗ ಅಷ್ಟೂ ನೀರು ಚರ್ಚಿನ ಮುಂದಿನ ಚರಂಡಿ ಸೇರುತ್ತಿದೆ. ಜೂನಿಗೆ ಮುಂಚೆ ಚಾವಣಿ ಗುಡಿಸಿ, ಮೊದಲ ಮಳೆಯ ಕೊಳಕು ನೀರನ್ನು ಹೊರಗೆ ಬಿಡುವ ತಿರುವು ಪೈಪು ಇಟ್ಟು, ಉಳಿದದ್ದನ್ನು ಕಲ್ಲು, ಜಲ್ಲಿ, ಮರಳು ತುಂಬಿದ ಗುಂಡಿಯ ಮೂಲಕ ಬಾವಿಗೆ ಇಳಿಸಬೇಕು. ಇದರಲ್ಲೂ ಅಪಾಯಗಳಿವೆ: ಬಾವಿಯ ಪಕ್ಕದಲ್ಲೇ ಶೌಚಗುಂಡಿ ಇದ್ದರೆ ಈ ಕೆಲಸಕ್ಕೆ ಕೈಹಾಕಬೇಡಿ; ಹೊಲದಿಂದ ಹರಿದು ಬರುವ, ಔಷಧಿ ಗೊಬ್ಬರ ಬೆರೆತ ನೀರನ್ನು ನೇರವಾಗಿ ಬಾವಿಗಾಗಲಿ ಹಳೆಯ ಬೋರಿಗಾಗಲಿ ಬಿಡಬೇಡಿ, ಒಮ್ಮೆ ಕೆಟ್ಟ ಅಂತರ್ಜಲವನ್ನು ತೊಳೆಯುವ ದಾರಿಯಿಲ್ಲ. ಬಾವಿಗೆ ಕಟ್ಟೆ, ಜಾಲರಿ ಕಡ್ಡಾಯ. ವಿಫಲವಾದ ಬೋರಿನ ಬಾಯಿ ತೆರೆದಿದ್ದರೆ ಈ ಪತ್ರ ಓದಿದ ದಿನವೇ ಮುಚ್ಚಿಸಿ. ಮೊದಲ ವರ್ಷವೇ ಬಾವಿಯಲ್ಲಿ ನೀರು ನಿಲ್ಲುತ್ತದೆ ಎಂದು ಯಾರಿಗೂ ಮಾತು ಕೊಡಬೇಡಿ. ನೀವು ಇಳಿಸಿದ ನೀರು ಪಕ್ಕದವರ ಬಾವಿಯಲ್ಲಿ ಕಾಣಿಸಿಕೊಳ್ಳಬಹುದು. ಅದನ್ನು ನಷ್ಟವೆಂದು ಬರೆಯುವುದೋ ಕಾಣಿಕೆಯೆಂದು ಬರೆಯುವುದೋ ಸಭೆ ನಿರ್ಧರಿಸಬೇಕು.

ಕೃಷಿ ಹೊಂಡದ ಮಾತೂ ಬಂದರೆ ಒಂದು ವಿಷಯ ನೆನಪಿಡಿ. ಪ್ಲಾಸ್ಟಿಕ್ ಹಾಸಿದ ಹೊಂಡಕ್ಕೆ ಬೋರಿನ ನೀರು ತುಂಬಿಸಿಡುವುದನ್ನು ನಮ್ಮ ಕಡೆ ಎಲ್ಲೆಲ್ಲೂ ನೋಡುತ್ತೇವೆ. ಅದು ಮಳೆ ಕೊಯ್ಲಲ್ಲ, ನೆಲದೊಳಗೆ ಭದ್ರವಾಗಿದ್ದ ನೀರನ್ನು ಮೇಲೆ ತಂದು ಬಿಸಿಲಿಗೆ ಒಡ್ಡಿದಂತೆ.

ಮೂರು ಎಕರೆಯಲ್ಲಿ ಏನು ಬೆಳೆಯಬಹುದು ಎಂದರೆ ರಾಗಿ, ಅವರೆ, ಹುರುಳಿ, ಬದುಗಳಲ್ಲಿ ಹುಣಸೆ, ಹೊಂಗೆ, ಸೀತಾಫಲ, ಒಂದು ಭಾಗದಲ್ಲಿ ಮಾವು ಅಥವಾ ಹಲಸು. ಟೊಮ್ಯಾಟೊದಷ್ಟು ದುಡ್ಡು ಇದರಲ್ಲಿ ಬರುವುದಿಲ್ಲ ಎಂದು ಸಮಿತಿಗೆ ಮೊದಲೇ ಹೇಳಿಬಿಡಿ. ಮರಗಳು ಫಲ ಕೊಡುವ ತನಕ ಕೆಲವು ವರ್ಷ ಬರೀ ಖರ್ಚು, ಸಸಿಗಳಿಗೆ ಎರಡು ಬೇಸಿಗೆ ಕೊಡದಲ್ಲಿ ನೀರು ಹೊರಬೇಕು, ಮೇಕೆಗಳಿಂದ ಕಾಯಬೇಕು. ಯುವಜನರ ಸಂಘದವರು ಸಸಿ ನೆಟ್ಟು ಫೋಟೊ ತೆಗೆಸಿಕೊಂಡು ಮರೆತ ಎಷ್ಟೋ ಚರ್ಚ್ ಆವರಣಗಳನ್ನು ಕಂಡಿದ್ದೇನೆ. ಏಳನೆಯ ವರ್ಷ ಭೂಮಿಯನ್ನು ಬೀಳುಬಿಡಬೇಕು, ತಾನಾಗಿ ಬೆಳೆದದ್ದನ್ನು ಬಡವರೂ ಅವರು ಬಿಟ್ಟಿದ್ದನ್ನು ಕಾಡುಮೃಗಗಳೂ ತಿನ್ನಲಿ ಎಂಬ ವಿಮೋಚನಕಾಂಡ 23ರ ನಿಯಮವನ್ನು ಅಕ್ಷರಶಃ ಪಾಲಿಸಬೇಕೆಂದು ನಾನು ಹೇಳುವುದಿಲ್ಲ. ಆದರೆ ಮೂರು ಎಕರೆಯ ಒಂದು ಮೂಲೆಯನ್ನು ಹಾಗೆ ಬಿಟ್ಟ ಸಭೆ ತನ್ನ ಮಕ್ಕಳಿಗೆ ಆ ಅಧ್ಯಾಯವನ್ನು ಕೈಹಿಡಿದು ತೋರಿಸಬಹುದು.

ಕೆರೆಯ ವಿಷಯ ಸೂಕ್ಷ್ಮವಾದುದು. ಗಂಗೆಪೂಜೆಯ ಬಗ್ಗೆ ನಿಮ್ಮ ಹಿರಿಯರ ಅಳುಕನ್ನು ಹಗುರವಾಗಿ ಕಾಣಬೇಡಿ. ಅದು ಅವರ ಮನಸ್ಸಾಕ್ಷಿಯ ಮಾತು. ನೀರನ್ನು ದೇವರೆಂದು ನಾವು ಆರಾಧಿಸುವುದಿಲ್ಲ. ಆದರೆ ನೀರನ್ನು ದೇವರ ಕೊಡುಗೆಯೆಂದು ನಂಬುವವರು ಅದನ್ನು ಕಾಯುವುದರಲ್ಲಿ ಇತರರಿಗಿಂತ ಹಿಂದೆ ಬೀಳುವುದಕ್ಕೆ ಕಾರಣವೇ ಇಲ್ಲ. ಬಾಬೆಲಿನ ಸೆರೆಯಲ್ಲಿದ್ದವರಿಗೆ, ಅವರ ನಂಬಿಕೆಗೆ ಏನೇನೂ ಸೇರದ ಆ ಪಟ್ಟಣದ ಕ್ಷೇಮಕ್ಕಾಗಿ ದುಡಿಯಿರಿ, ಪ್ರಾರ್ಥಿಸಿರಿ ಎಂದು ಯೆರೆಮೀಯನ 29ನೆಯ ಅಧ್ಯಾಯ ಹೇಳುತ್ತದೆ. ರಾಜಕಾಲುವೆಯ ಮುಳ್ಳು ಕಡಿಯುವುದರಲ್ಲಿ, ಹೂಳು ಎತ್ತುವುದರಲ್ಲಿ ಯಾವ ವಿಗ್ರಹಾರಾಧನೆಯೂ ಇಲ್ಲ. ಪೂಜೆಯ ಹೊತ್ತಿನಲ್ಲಿ ಗೌರವದಿಂದ ಒಂದಿಷ್ಟು ದೂರ ನಿಂತು, ಮುಗಿದ ಮೇಲೆ ಗುದ್ದಲಿ ಹಿಡಿದು ಬನ್ನಿ. ಊರಿನವರು ಅರ್ಥಮಾಡಿಕೊಳ್ಳುತ್ತಾರೆ, ನನ್ನ ಅನುಭವದಲ್ಲಿ ಗುದ್ದಲಿ ಹಿಡಿದವನ ನಂಬಿಕೆಯನ್ನು ಯಾರೂ ಪ್ರಶ್ನಿಸಿದ್ದಿಲ್ಲ. ಕೆಲಸದಲ್ಲಿ ಮಾತ್ರ ಎಚ್ಚರವಿರಲಿ: ಹೂಳೆತ್ತುವ ಹೆಸರಿನಲ್ಲಿ ತೂಬಿನ ಮಟ್ಟಕ್ಕಿಂತ ಕೆಳಗೆ ಆಳದ ಗುಂಡಿಗಳನ್ನು ತೋಡಿ ಮಣ್ಣು ಸಾಗಿಸುವುದು ಕೆರೆಯ ಕೆಲಸವಲ್ಲ. 2018ರ ಜೂನ್‌ನಿಂದ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ. ನಿಮ್ಮ ಕೆರೆಯೂ ಆ ಸಾಲಿನಲ್ಲಿದ್ದರೆ ಬಾವಿಯಲ್ಲಿ ನೀರು ಏರಬಹುದು. ಆದರೆ ಅದು ಎರಡು ಹಂತದ ಸಂಸ್ಕರಣೆ ಮಾತ್ರ ಆದ ಕೊಳಚೆ ನೀರು, ಬಾವಿಯ ನೀರನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸದೆ ಕುಡಿಯಕೂಡದು.

ಮಳೆ ಕೊಡುವವನು ದೇವರಾಗಿರುವಾಗ ಲೆಕ್ಕ ಹಾಕುವುದು ಅಹಂಕಾರವೇ ಎಂದು ಕೇಳಿದ್ದೀರಿ. ಧರ್ಮೋಪದೇಶಕಾಂಡದ 11ನೆಯ ಅಧ್ಯಾಯದಲ್ಲಿ ಮೋಶೆ ಇಸ್ರಾಯೇಲ್ಯರಿಗೆ ಎರಡು ಬಗೆಯ ನಾಡುಗಳನ್ನು ತೋರಿಸುತ್ತಾನೆ: ಹೊಳೆಯ ನೀರನ್ನು ಕಾಲಿನಿಂದ ತುಳಿದು ತೋಟಕ್ಕೆ ಹಾಯಿಸುವ ಐಗುಪ್ತ ಒಂದು, ಆಕಾಶದ ಮಳೆಯನ್ನೇ ಕುಡಿಯುವ ಬೆಟ್ಟಗುಡ್ಡಗಳ ನಾಡು ಇನ್ನೊಂದು. ವಾಗ್ದಾನದ ನಾಡು ಎರಡನೆಯದು. ಅದನ್ನು ಓದುವಾಗಲೆಲ್ಲ ನನಗೆ ನಮ್ಮ ಕೋಲಾರ ಕಾಣುತ್ತದೆ. ಅಂಥ ನಾಡಿನಲ್ಲಿ ಬಿದ್ದ ಹನಿಯನ್ನು ಲೆಕ್ಕವಿಡುವುದೇ ಕೃತಜ್ಞತೆ. ನಮ್ಮ ಹಿಂದಿನವರು ಒಂದರ ಕೋಡಿ ಇನ್ನೊಂದಕ್ಕೆ ಹರಿಯುವಂತೆ ಕೆರೆಗಳನ್ನು ಸಾಲಾಗಿ ಕಟ್ಟಿದ್ದು ಮಳೆಯ ಮೇಲೆ ನಂಬಿಕೆಯಿಲ್ಲದೆ ಅಲ್ಲ. ಸಮೃದ್ಧಿಯ ಏಳು ವರ್ಷಗಳಲ್ಲಿ ಬೆಳೆಯ ಐದನೆಯ ಪಾಲನ್ನು ಕೂಡಿಡಲು ಹೇಳಿದ ಯೋಸೇಫನನ್ನು ಯಾರೂ ಅಪನಂಬಿಕೆಯವನೆಂದು ಕರೆಯಲಿಲ್ಲ.

ಹಿರಿಯರೆದುರು ಮಾತಾಡಿದ ವಿಚಾರ. ಭೂಮಿಯ ಮೇಲಿದ್ದ ಎಲ್ಲರಿಗಿಂತ ಸಾತ್ವಿಕನೆಂದು ಅರಣ್ಯಕಾಂಡ 12:3 ಹೇಳುವ ಮೋಶೆ ಐಗುಪ್ತದ ಅರಸ ಫರೋಹನ ಮುಂದೆ ಬಾಯಿ ಮುಚ್ಚಿ ನಿಲ್ಲಲಿಲ್ಲ. ಹಾಗಾಗಿ ಸುಮ್ಮನಿರುವುದನ್ನೇ ನಮ್ರತೆ ಎನ್ನಲಾಗದು. ಆದರೆ ನಿಮ್ಮ ಹಿರಿಯರು ಫರೋಹನೂ ಅಲ್ಲ. ಸಭೆಯ ಖರ್ಚು, ಸಭಾಪಾಲಕರ ಸಂಬಳ, ಸೋರುವ ಚಾವಣಿ ಇವೆಲ್ಲ ಅವರ ತಲೆಯ ಮೇಲಿರಬಹುದು. ವಚನದ ಹಿಂದೆ ಆ ಚಿಂತೆ ಇದೆಯೇ ಎಂದು ಒಮ್ಮೆ ಅವರ ಮನೆಗೇ ಹೋಗಿ ಕೇಳಿ. ಅವರೊಂದಿಗೆ ಆದಿಕಾಂಡ 26ನ್ನು ಓದಿ. ಇಸಾಕನು ಮೊದಲು ಮಾಡಿದ್ದು ತನ್ನ ತಂದೆಯ ಕಾಲದ, ಮಣ್ಣು ಮುಚ್ಚಿದ ಬಾವಿಗಳನ್ನು ಮತ್ತೆ ತೋಡಿಸಿದ್ದು. ಆಮೇಲೆ ಹೊಸ ಬಾವಿಗೆ ಜಗಳ ಬಂದಾಗ ಅದನ್ನು ಬಿಟ್ಟುಕೊಟ್ಟು ಮುಂದೆ ಹೋದ, ಎರಡನೆಯದಕ್ಕೂ ಜಗಳ ಬಂದಾಗ ಅದನ್ನೂ ಬಿಟ್ಟ. ಜಗಳವಿಲ್ಲದ ಮೂರನೆಯ ಬಾವಿಗೆ ರೆಹೋಬೋತ್, ಅಂದರೆ ವಿಸ್ತಾರ, ಎಂದು ಹೆಸರಿಟ್ಟ. ನೀವು ಹೇಳುತ್ತಿರುವುದೂ ಹಳೆಯ ಬಾವಿಯನ್ನು ಮತ್ತೆ ತೋಡುವ ಮಾತೇ ಎಂದು ಅವರಿಗೇ ಅನ್ನಿಸಬಹುದು. ಅನ್ನಿಸದಿದ್ದರೂ ಜಗಳವಾಡಿ ಗೆಲ್ಲಬೇಡಿ.

ಸಮಿತಿಯ ಮುಂದಿನ ಸಭೆಗೆ ಮುಂಚೆ ಒಂದು ಸಣ್ಣ ಕೆಲಸ ಮಾಡಿ. ಅಡಿಗೊಂದು ಗಂಟು ಹಾಕಿದ ಹಗ್ಗಕ್ಕೆ ಕಲ್ಲು ಕಟ್ಟಿ ಬಾವಿಯ ಆಳ ಅಳೆಯಿರಿ, ಸುತ್ತಲಿನ ನಾಲ್ಕಾರು ಬಾವಿ, ಬೋರುಗಳ ನೀರಿನ ಮಟ್ಟ ವಿಚಾರಿಸಿ, ದಿನಾಂಕದೊಡನೆ ಒಂದು ನೋಟುಪುಸ್ತಕದಲ್ಲಿ ಬರೆಯಿರಿ. ತಿಂಗಳಿಗೊಮ್ಮೆ ಭಾನುವಾರಶಾಲೆಯ ಮಕ್ಕಳ ಕೈಯಲ್ಲಿ ಅಳೆಸಿ. ನಿಮ್ಮ ಊರಿನ ನೀರಗಂಟಿಯ ಮನೆಯವರು ಇನ್ನೂ ಅಲ್ಲೇ ಇದ್ದರೆ ಅವರನ್ನು ಕೆರೆ ಏರಿಯ ಮೇಲೆ ಕರೆದುಕೊಂಡು ಹೋಗಿ. ತೂಬು ಎಲ್ಲಿ ಹೂತಿದೆ, ಕಾಲುವೆ ಯಾರ ಹೊಲದೊಳಗೆ ಸೇರಿಹೋಗಿದೆ ಎಂದು ಅವರಿಗೆ ಗೊತ್ತಿರುತ್ತದೆ.